18-10 ಹೋಗಿ 18.1 ಆದಾಗ: ಜಗಳೂರು ಸೀಮೆಯ ಒಂದು ಹೊಲದ ಅಳತೆ ಪ್ರಕರಣ

ಊರು, ಸರ್ವೆ ನಂಬರು, ಮನೆತನ ಯಾವುದನ್ನೂ ಇಲ್ಲಿ ಹೇಳಿಲ್ಲ. ಅಳತೆಯ ಅಂಕಿಗಳನ್ನೂ ಗುರುತು ಸಿಗದಂತೆ ಬದಲಿಸಲಾಗಿದೆ. ಲೆಕ್ಕ ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಎಂಬುದು ಮಾತ್ರ ಇದ್ದ ಹಾಗೇ ಇದೆ.

ಹಿನ್ನೆಲೆ

ಜಗಳೂರು ತಾಲ್ಲೂಕಿನ ಅಂಚಿನ ಒಂದು ಹಳ್ಳಿ. ತಂದೆ ತೀರಿಕೊಂಡ ಮೇಲೆ ಅಣ್ಣ ತಮ್ಮ ಇಬ್ಬರೂ ಪಾಲು ಮಾಡಿಕೊಳ್ಳಲು ಹೊರಟರು. ಸ್ವಂತ ಊರಲ್ಲಿ ಪಹಣಿಯ ಪ್ರಕಾರ 4-10 ವಿಸ್ತೀರ್ಣದ ಖುಷ್ಕಿ ಹೊಲ, ಗಡಿ ದಾಟಿದರೆ ಹರಪನಹಳ್ಳಿ ತಾಲ್ಲೂಕಿನಲ್ಲಿ 2.56 ಎಂದು ದಾಖಲಾದ ಇನ್ನೊಂದು ತುಂಡು. ಮೆಕ್ಕೆಜೋಳಕ್ಕೆ ಹಂದಿ ಕಾಟ ಹೆಚ್ಚಿದ್ದರಿಂದ ಪಾಲು ಪಟ್ಟಿ ಆಗುವ ಮೊದಲೇ ಊರ ಹೊಲಕ್ಕೆ ಕಲ್ಲು ಕಂಬ ನೆಟ್ಟು ತಂತಿ ಬೇಲಿ ಎಳೆಸುವುದೆಂದು ತೀರ್ಮಾನವಾಯಿತು.

ಈ ಎರಡು ತುಂಡುಗಳ ನಡುವೆ ಇರುವುದು ಕೆಲವೇ ಕಿಲೋಮೀಟರು. ಆದರೆ ಅವನ್ನು ಅಳೆದ ಪದ್ಧತಿಗಳೇ ಬೇರೆ. ಜಗಳೂರು ಹಳೆ ಮೈಸೂರು ಸಂಸ್ಥಾನದ್ದು. 1997ರ ತನಕ ಚಿತ್ರದುರ್ಗ ಜಿಲ್ಲೆ, ಆಮೇಲೆ ದಾವಣಗೆರೆ. ಮೈಸೂರಿನಲ್ಲಿ 1863ರಲ್ಲಿ ಶುರುವಾದ ರೆವಿನ್ಯೂ ಸರ್ವೆ ಬಾಂಬೆ ಪದ್ಧತಿಯನ್ನು ಹಿಡಿಯಿತು. ಅದರಲ್ಲಿ ಚೈನು ಎಂದರೆ 33 ಅಡಿ, ಒಂದು ಚೈನಿಗೆ 16 ಆಣೆ. ಹರಪನಹಳ್ಳಿ 1953ರ ಅಕ್ಟೋಬರ್ 1ರ ತನಕ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಲ್ಲಿ ಗಂಟರ್ ಚೈನು: 66 ಅಡಿ, 100 ಲಿಂಕು. ವಿಸ್ತೀರ್ಣ ಎಕರೆ-ಸೆಂಟಿನಲ್ಲಿ. 1997ರಲ್ಲಿ ಆ ತಾಲ್ಲೂಕು ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲೆ ಎಷ್ಟು ಸಲ ಬದಲಾದರೂ ಟಿಪ್ಪಣಿಯ, ಅಂದರೆ ಹೊಲ ಅಳೆದಾಗ ಅಳತೆ ಸಮೇತ ಬರೆದಿಟ್ಟ ಮೂಲ ನಕ್ಷೆಯ, ಅಂಕಿ ಬದಲಾಗುವುದಿಲ್ಲ.

ಬಾಂಬೆ ಪದ್ಧತಿಗೆ ಒಂದು ಸೊಗಸಿದೆ. 33 ಅಡಿ ಉದ್ದ, 33 ಅಡಿ ಅಗಲ ಅಂದರೆ 1089 ಚದರಡಿ, ಅದೇ ಒಂದು ಗುಂಟೆ. ಹಾಗಾಗಿ ಚೈನನ್ನು ಚೈನಿನಿಂದ ಗುಣಿಸಿದರೆ ಉತ್ತರ ನೇರವಾಗಿ ಗುಂಟೆಯಲ್ಲೇ ಬರುತ್ತದೆ. 40ರಿಂದ ಭಾಗಿಸಿದರೆ ಎಕರೆ. ನಡುವೆ ಅಡಿಯಾಗಲಿ ಮೀಟರಾಗಲಿ ಬೇಕಿಲ್ಲ. ಆ ಕಾಲದ ಮೋಜಣಿದಾರರು ಬಿಸಿಲಲ್ಲಿ ಕೂತು ಇಷ್ಟೆಲ್ಲ ಲೆಕ್ಕ ಮಾಡಿದ್ದು ಇದರ ಬಲದಿಂದ.

ತೊಡಕು

ಲೆಕ್ಕದ ಹೊಣೆ ಹೊತ್ತವನು ಅಣ್ಣನ ಮಗ. ದಾವಣಗೆರೆಯಲ್ಲಿ ಕೆಲಸ, ಕಂಪ್ಯೂಟರು ಚೆನ್ನಾಗಿ ಬಲ್ಲವನು. ತಾಲ್ಲೂಕು ಸರ್ವೆ ಶಾಖೆಯಿಂದ ಟಿಪ್ಪಣಿ ಮತ್ತು ಆಕಾರಬಂದಿನ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದ ದಾಖಲೆ) ನಕಲು ತಂದ. ಹೊಲಕ್ಕೆ ನಾಲ್ಕು ಮೂಲೆ. ಪಶ್ಚಿಮದ ಬಾಂದುಕಲ್ಲಿನಿಂದ (ಗಡಿ ಕಲ್ಲು) ಪೂರ್ವದ ಬಾಂದುಕಲ್ಲಿಗೆ ಬೇಸ್‌ಲೈನು, ಅಂದರೆ ಅಳತೆಗೆ ಆಧಾರವಾದ ನೇರ ಗೆರೆ, ಉದ್ದ 18-10. ಪಶ್ಚಿಮದಿಂದ 7-4 ದೂರದಲ್ಲಿ ಉತ್ತರಕ್ಕೆ 8-12 ಆಫ್‌ಸೆಟ್ಟು (ಆ ಗೆರೆಯಿಂದ ಮೂಲೆಗೆ ಲಂಬವಾಗಿ ಅಳೆದ ದೂರ), 11-6 ದೂರದಲ್ಲಿ ದಕ್ಷಿಣಕ್ಕೆ 9-8 ಆಫ್‌ಸೆಟ್ಟು. ಇಷ್ಟೇ ಅಂಕಿ.

ಇವನ್ನು ಸ್ಪ್ರೆಡ್‌ಶೀಟಿನಲ್ಲಿ ತುಂಬಲು ಹೋದರೆ 8-12 ಎಂಬುದು ಡಿಸೆಂಬರ್ 8 ಆಯಿತು, 18-10 ಎಂಬುದು ಅಕ್ಟೋಬರ್ 18 ಆಯಿತು. ಅಡ್ಡಗೆರೆ ಕಂಡರೆ ತಾರೀಖು ಎಂದುಕೊಳ್ಳುವುದು ಅದರ ಚಾಳಿ. ಹುಡುಗ ಬೇಸತ್ತು ಅಡ್ಡಗೆರೆಯ ಜಾಗದಲ್ಲಿ ಚುಕ್ಕೆ ಹಾಕಿದ. ತಾರೀಖು ಹೋಯಿತು, 8.12 ನಿಂತಿತು. 18.10ರ ಕೊನೆಯ ಸೊನ್ನೆ ತಾನಾಗಿಯೇ ಉದುರಿ 18.1 ಆಯಿತು. ಇಡೀ ಪ್ರಕರಣದ ಬೇರು ಈ ಚುಕ್ಕೆ.

ಚೈನು ಎಂದರೆ ಎಷ್ಟು ಎಂದು ಅಂತರ್ಜಾಲದಲ್ಲಿ ಹುಡುಕಿದಾಗ ಸಿಕ್ಕಿದ್ದು 66 ಅಡಿ, ಅಂದರೆ 20.1168 ಮೀಟರು. ಆ ಲೆಕ್ಕದಲ್ಲಿ ಹೊಲ 16.2 ಎಕರೆ ಆಯಿತು. ಮನೆಯವರೆಲ್ಲ ನಕ್ಕರು. ಊರಲ್ಲಿ ವಿಚಾರಿಸಿದಾಗ ನಮ್ಮ ಕಡೆ ಚೈನು 33 ಅಡಿ ಎಂದು ಗೊತ್ತಾಯಿತು, ತಿದ್ದಿದ. ಉದ್ದ ಅರ್ಧವಾದರೆ ವಿಸ್ತೀರ್ಣ ಕಾಲಾಗುತ್ತದೆ, ಆದ್ದರಿಂದ 4.05 ಎಕರೆ ಬಂತು. ಪಹಣಿಯಲ್ಲಿ 4-10 ಇದೆ; ಅದನ್ನೂ ಅವನು 4.10 ಎಂದೇ ಓದಿದ್ದ. 4.05ಕ್ಕೂ 4.10ಕ್ಕೂ ಅಂಥ ದೂರವಿಲ್ಲವಲ್ಲ, ಹಳೆ ಅಳತೆ ಅಷ್ಟು ಇಷ್ಟು ಹೆಚ್ಚುಕಮ್ಮಿ ಎಂದು ಸಮಾಧಾನವಾಯಿತು.

ಇಲ್ಲಿ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡವು. 4-10 ಎಂದರೆ 4 ಎಕರೆ 10 ಗುಂಟೆ, ದಶಮಾಂಶದಲ್ಲಿ 4.25. ಲೆಕ್ಕ ಕೊಟ್ಟದ್ದು 4.05, ಅಂದರೆ 4 ಎಕರೆ 2 ಗುಂಟೆ. ಕೊರತೆ ಹೆಚ್ಚುಕಮ್ಮಿ 8 ಗುಂಟೆ. ಇದನ್ನು ಹಿಡಿದದ್ದು ಶಾಲೆ ಹೆಚ್ಚು ಕಲಿಯದ ತಮ್ಮ: "ನಾಲ್ಕೂಕಾಲು ಎಕರೆ ಕಣೋ ಅದು. ಮಿಕ್ಕಿದ್ದು ಎಲ್ಲಿ ಹೋಯ್ತು?" ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಅದು ಕಾಗದದ ಕಡೆ ತಿರುಗಬೇಕಿತ್ತು, ತಿರುಗಿದ್ದು ದಕ್ಷಿಣದ ಪಕ್ಕದ ಹೊಲದವರ ಕಡೆ.

ಮಾಡಿ ನೋಡಿದ್ದು

ಮೊದಲು ಮೊಬೈಲು ಹಿಡಿದು ಬದುವಿನ ಮೇಲೆ ಸುತ್ತು ಹಾಕಿದರು. ಆ್ಯಪ್ ತೋರಿಸಿದ್ದು 4 ಎಕರೆ 12 ಗುಂಟೆ. ಫೋನು ಸರಿಯಿಲ್ಲ ಎಂದು ಬಿಟ್ಟರು. ಬಿಟ್ಟದ್ದು ತಪ್ಪೇನಲ್ಲ. ಈ ಹೊಲದ ಸುತ್ತಳತೆ ಸುಮಾರು 528 ಮೀಟರು. ಸುತ್ತಲೂ ಒಂದೇ ಒಂದು ಮೀಟರು ಹೊರಗೆ ಸರಿದು ನಡೆದರೂ 528 ಚದರ ಮೀಟರು, ಅಂದರೆ 5 ಗುಂಟೆಗೂ ಮಿಕ್ಕಿ ವ್ಯತ್ಯಾಸ ಬರುತ್ತದೆ. ಮೊಬೈಲು ತಪ್ಪುವುದು ಒಂದಲ್ಲ, ಮೂರು ನಾಲ್ಕು ಮೀಟರು. 8 ಗುಂಟೆಯ ಜಗಳವನ್ನು ಅದು ತೀರ್ಮಾನಿಸಲಾರದು. ಆದರೂ ಭೂಮಿ ಕಮ್ಮಿ ಇದೆ ಎಂದು ಅದು ಹೇಳಲಿಲ್ಲ ಎಂಬುದನ್ನು ಯಾರಾದರೂ ಗಮನಿಸಿದ್ದರೆ ಚೆನ್ನಾಗಿತ್ತು.

ಆಮೇಲೆ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆದು, ಅದರಂತೆ ಟೇಪು ಎಳೆದು ಮೂಲೆ ಗುರುತಿಸಿದರು. ದಕ್ಷಿಣದ ಮೂಲೆಗೆ 9.8 ಚೈನು, ಅಂದರೆ 323.4 ಅಡಿ. ಅಲ್ಲಿದ್ದ ಹಳೆ ಬಾಂದುಕಲ್ಲು ಸುಮಾರು 10 ಅಡಿ ಒಳಗಿತ್ತು. ಪಕ್ಕದವರು ಕಲ್ಲು ಕಿತ್ತು ಈಚೆ ನೆಟ್ಟಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡವಾಯಿತು. ಅವರ ಶೇಂಗಾ ಹೊಲದೊಳಗೆ ಕಂಬಕ್ಕೆ ಗುಂಡಿ ತೋಡಿದರು. ಮಾತು ಬೆಳೆಯಿತು, ಠಾಣೆಗೆ ಹೋಯಿತು, ವಕೀಲರ ನೋಟಿಸು ಬಂತು.

ಉತ್ತರದ ಮೂಲೆಯನ್ನೂ ಅದೇ ದಿನ ಗುರುತಿಸಿದ್ದರು. 8.12 ಚೈನು ಎಂದರೆ 268 ಅಡಿ. ಅದು ಬಂಡಿದಾರಿಯ ಪಕ್ಕದ ಬಾಂದುಕಲ್ಲಿಗಿಂತ 20 ಅಡಿಗೂ ಹೆಚ್ಚು ಒಳಗೆ, ಇವರದೇ ಹೊಲದಲ್ಲಿ ಬಿತ್ತು. ದಾರಿಗೆ ಬಿಟ್ಟಿರಬೇಕು ಎಂದುಕೊಂಡು ಸುಮ್ಮನಾದರು. ತಮಗೆ ನಷ್ಟವಾಗುವ ಕಡೆ ಬಂದ ತಪ್ಪನ್ನು ವಿವರಿಸಿಕೊಂಡು, ಲಾಭವಾಗುವ ಕಡೆ ಬಂದದ್ದನ್ನು ಹಕ್ಕು ಎಂದುಕೊಳ್ಳುವುದು ಅಳತೆಯ ತಕರಾರುಗಳಲ್ಲಿ ಪದೇ ಪದೇ ಕಾಣುವ ನಡತೆ.

ತಿರುವು

ಪಂಚರಾಗಿ ಕೂರಲು ಕೇಳಿಕೊಂಡಿದ್ದ ನಿವೃತ್ತ ಭೂಮಾಪಕರೊಬ್ಬರು ನಕ್ಷೆ ನೋಡಿ ಎರಡು ಪ್ರಶ್ನೆ ಹಾಕಿದರು. ಒತ್ತುವರಿ ದಕ್ಷಿಣದಲ್ಲಿ ಆಗಿದ್ದರೆ ಉತ್ತರದ ಕಲ್ಲು ಯಾಕೆ ಹೊಂದುತ್ತಿಲ್ಲ? ಪೂರ್ವದ ಕಲ್ಲು ಯಾಕೆ 17 ಅಡಿ ಆಚೆ ನಿಂತಿದೆ? ಒಬ್ಬ ಪಕ್ಕದವನು ಮೂರು ದಿಕ್ಕಿನ ಕಲ್ಲುಗಳನ್ನು ಮೂರು ಬೇರೆ ಬೇರೆ ದೂರಕ್ಕೆ, ಅದರಲ್ಲೂ ಎರಡನ್ನು ನಿಮಗೇ ಲಾಭವಾಗುವ ಹಾಗೆ, ಸರಿಸುವುದಿಲ್ಲ. ಎಲ್ಲ ಮೂಲೆಯೂ ತಪ್ಪಿದೆ ಅಂದರೆ ತಪ್ಪು ನೆಲದಲ್ಲಿಲ್ಲ.

ಆಮೇಲೆ ಮೂಲ ಟಿಪ್ಪಣಿ ತರಿಸಿದರು. ಆ ಪುಟದಲ್ಲಿರುವ ಎಲ್ಲ ಅಂಕಿಗಳಲ್ಲೂ ಅಡ್ಡಗೆರೆಯ ಬಲಗಡೆ ಏನಿದೆ ಎಂದು ಓದಿಸಿದರು: 10, 4, 12, 6, 8. ಅಕ್ಕಪಕ್ಕದ ನಂಬರುಗಳ ಟಿಪ್ಪಣಿಯಲ್ಲೂ ಹಾಗೇ. 15ನ್ನು ದಾಟಿದ ಒಂದು ಅಂಕಿಯೂ ಇಲ್ಲ. ಇದೇ ಪರೀಕ್ಷೆ. ಬಲಗಡೆಯ ಅಂಕಿ 15ರೊಳಗೇ ನಿಂತರೆ ಅದು ಆಣೆ, 16ಕ್ಕೆ ಒಂದು ಚೈನು. 99ರ ತನಕ ಹೋದರೆ ಲಿಂಕು. ಎರಡು ಮೂರು ಅಂಕಿ ನೋಡಿ ಹೇಳಬಾರದು, ಒಂದಿಷ್ಟು ಪುಟ ನೋಡಬೇಕು.

ಒಂದು ಆಣೆ ಎಂದರೆ 33ನ್ನು 16ರಿಂದ ಭಾಗಿಸಿದರೆ ಬರುವ 2.0625 ಅಡಿ, 2 ಅಡಿ ಮುಕ್ಕಾಲು ಇಂಚು. 18-10 ಎಂದರೆ 18 ಚೈನು 10 ಆಣೆ, 18.625 ಚೈನು, 614.6 ಅಡಿ, 187.3 ಮೀಟರು. 8-12 ಎಂದರೆ 8.75 ಚೈನು, 288.75 ಅಡಿ. 9-8 ಎಂದರೆ 9.5 ಚೈನು, 313.5 ಅಡಿ.

ಆಣೆಯನ್ನು ದಶಮಾಂಶವಾಗಿ ಓದಿದಾಗ ತಪ್ಪು ಒಂದೇ ದಿಕ್ಕಿಗೆ ಹೋಗುವುದಿಲ್ಲ, ಅದೇ ಇದರ ಅಪಾಯ. 1ರಿಂದ 9 ಆಣೆಯವರೆಗೆ ಉದ್ದ ಹಿಗ್ಗುತ್ತದೆ: 9 ಆಣೆ ನಿಜಕ್ಕೆ 0.5625 ಚೈನು, ಓದುವುದು 0.9, ತಪ್ಪು 11 ಅಡಿ ಹೆಚ್ಚು. 10 ಆಣೆಯಿಂದ ಮುಂದೆ ಕುಗ್ಗುತ್ತದೆ: 15 ಆಣೆ ನಿಜಕ್ಕೆ 0.9375, ಓದುವುದು 0.15, ತಪ್ಪು 26 ಅಡಿ ಕಡಿಮೆ. ಈ ಹೊಲದಲ್ಲಿ ದಕ್ಷಿಣದ 8 ಆಣೆ 9.9 ಅಡಿ ಹಿಗ್ಗಿ ಪಕ್ಕದವರ ಶೇಂಗಾದೊಳಗೆ ಹೋಯಿತು. ಉತ್ತರದ 12 ಆಣೆ 20.8 ಅಡಿ, ಬೇಸ್‌ಲೈನಿನ 10 ಆಣೆ 17.3 ಅಡಿ ಕುಗ್ಗಿದವು. ಆಫ್‌ಸೆಟ್ಟಿನ ಬುಡಗಳೂ ಜರುಗಿದ್ದವು: 7-4ರ ಬುಡ 5 ಅಡಿ, 11-6ರದ್ದು ಏಳೂವರೆ ಅಡಿ. ಇಂಥ ನಕ್ಷೆ ನೋಡಲು ನಿಜದ ಹೊಲದ ಹಾಗೇ ಇರುತ್ತದೆ. ಚೈನು 66 ಎಂದುಕೊಂಡ ತಪ್ಪು ಕೂಡಲೇ ಕಣ್ಣಿಗೆ ಹೊಡೆಯಿತು, ಇದು ಹೊಡೆಯಲಿಲ್ಲ. ದೊಡ್ಡ ತಪ್ಪನ್ನು ಹಿಡಿದು ತಿದ್ದಿದ್ದೇವೆ ಎಂಬ ಧೈರ್ಯವೂ ಸಣ್ಣದನ್ನು ಹುಡುಕದಂತೆ ಮಾಡಿತು.

ಸರಿಯಾದ ಅಂಕಿ ಹಾಕಿದಾಗ ವಿಸ್ತೀರ್ಣ ಹೀಗಾಯಿತು: ಎರಡು ಆಫ್‌ಸೆಟ್ಟು ಕೂಡಿಸಿದರೆ 18.25, ಅದನ್ನು 18.625ರಿಂದ ಗುಣಿಸಿ ಅರ್ಧ ಮಾಡಿದರೆ 169.95 ಗುಂಟೆ. ಆಕಾರಬಂದಿನ 4 ಎಕರೆ 10 ಗುಂಟೆ ಎಂದರೆ 170. ಒಂದು ಗುಂಟೆಯೂ ಕಳೆದಿರಲಿಲ್ಲ.

ಎಷ್ಟು ವ್ಯತ್ಯಾಸ ಬಂದರೆ ಚಿಂತೆ ಮಾಡಬೇಕು ಎಂಬುದಕ್ಕೂ ಲೆಕ್ಕವಿದೆ. ಟಿಪ್ಪಣಿಯ ಅಳತೆ ಪೂರ್ಣ ಆಣೆಗೆ ಬರೆದದ್ದು, ಹಾಗಾಗಿ ಪ್ರತಿ ಅಂಕಿಯಲ್ಲೂ ಅರ್ಧ ಆಣೆ, ಅಂದರೆ ಸುಮಾರು ಒಂದು ಅಡಿ ಆಚೀಚೆ ಇರಬಹುದು. ಬೇಸ್‌ಲೈನು, ಎರಡು ಆಫ್‌ಸೆಟ್ಟು ಈ ಮೂರೂ ಅಂಕಿ ಒಂದೇ ಕಡೆಗೆ ಅರ್ಧರ್ಧ ಆಣೆ ತಪ್ಪಿದ್ದರೂ ಈ ಹೊಲದಲ್ಲಿ ವಿಸ್ತೀರ್ಣದ ವ್ಯತ್ಯಾಸ 0.87 ಗುಂಟೆ ಮೀರುವುದಿಲ್ಲ. ಒಂದು ಗುಂಟೆಯೊಳಗಿನ ಕೊರತೆಗೆ ಪಕ್ಕದವರ ಜೊತೆ ಮುನಿಸಿಕೊಳ್ಳುವುದು ವ್ಯರ್ಥ. 8 ಗುಂಟೆ ಕೊರತೆ ಬಂದರೆ ಏನೋ ಎಡವಟ್ಟಾಗಿದೆ, ಮೊದಲು ಕಾಗದ ನೋಡಬೇಕು. ಇದೇ ಕಾರಣಕ್ಕೆ 187.3377 ಮೀಟರು ಎಂದು ಬರೆಯುವುದರಲ್ಲೂ ಅರ್ಥವಿಲ್ಲ. 187.3 ಸಾಕು.

ನೆಲದ ಮೇಲೆ ತಾಳೆ

ಕಾಗದ ಕೂಡಿದ ಮಾತ್ರಕ್ಕೆ ಕಲ್ಲು ಸರಿಯಾದ ಜಾಗದಲ್ಲಿದೆ ಎಂದಲ್ಲ. ಲಂಬ ಹಿಡಿಯುವ ಸಾಧನವಾದ ಕ್ರಾಸ್‌ಸ್ಟಾಫಿಲ್ಲದೆ ಕಣ್ಣಂದಾಜಿನಲ್ಲಿ ಲಂಬ ಹಿಡಿಯುವುದು ಇಲ್ಲಿ ಆಗದ ಮಾತು: 300 ಅಡಿ ಉದ್ದಕ್ಕೆ ಒಂದು ಡಿಗ್ರಿ ವಾಲಿದರೆ ತುದಿ 5 ಅಡಿ ಸರಿಯುತ್ತದೆ. ಆದ್ದರಿಂದ ಲಂಬವನ್ನೇ ಬಿಟ್ಟು ಕಲ್ಲಿನಿಂದ ಕಲ್ಲಿಗೆ ಟೇಪು ಹಿಡಿದರು. ಆಫ್‌ಸೆಟ್ಟಿನಿಂದ ಬದಿಯ ಉದ್ದ ತೆಗೆಯಲು ಬೇಕಾದ್ದು ವರ್ಗಮೂಲವೊಂದೇ. ಪಶ್ಚಿಮ-ಉತ್ತರ: 7.25ರ ವರ್ಗ, 8.75ರ ವರ್ಗ ಕೂಡಿಸಿ ಮೂಲ ತೆಗೆದರೆ 11.363 ಚೈನು, 375 ಅಡಿ. ಹೀಗೇ ಉತ್ತರ-ಪೂರ್ವ 473.6, ಪೂರ್ವ-ದಕ್ಷಿಣ 394.4, ದಕ್ಷಿಣ-ಪಶ್ಚಿಮ 489.1. ಕೊನೆಗೆ ಉತ್ತರದ ಕಲ್ಲಿನಿಂದ ದಕ್ಷಿಣದ ಕಲ್ಲಿಗೆ 617.4. ಈ ಕೊನೆಯದನ್ನು ಬಿಡಲೇಬಾರದು. ನಾಲ್ಕು ಬದಿ ಸರಿಯಿದ್ದೂ ಹೊಲ ವಾಲಿಕೊಂಡಿರಬಹುದು, ಎರಡೂ ಕರ್ಣ ಕೂಡಿದರೆ ಮಾತ್ರ ಆಕಾರ ಗಟ್ಟಿ.

ಬಳ್ಳಾರಿ ಜಾಲಿ ಕಡಿದು ದಾರಿ ಮಾಡಿಕೊಂಡು ಅಳೆದಾಗ ಎಲ್ಲ ಅಳತೆಯೂ ಎರಡಡಿಯೊಳಗೆ ಕೂಡಿತು. ದಕ್ಷಿಣದ ಕಲ್ಲು ತನ್ನ ಜಾಗದಲ್ಲೇ ಇತ್ತು. ಆದರೂ ಖಾಸಗಿ ಅಳತೆಗೆ ಕಾನೂನಿನ ಬೆಲೆಯಿಲ್ಲವಾದ್ದರಿಂದ ಹದ್ದುಬಸ್ತಿಗೆ, ಅಂದರೆ ಸರ್ಕಾರದಿಂದ ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿದರು. ಸರ್ಕಾರಿ ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು, ಅಳೆದು, ಪಂಚನಾಮೆ ಬರೆದರು. ಗುಂಡಿ ಮುಚ್ಚಿದರು. ಪಕ್ಕದವರು ನೋಟಿಸು ಹಿಂದಕ್ಕೆ ಪಡೆದರು, ಮಾತು ಇನ್ನೂ ಪೂರ್ತಿ ಕೂಡಿಲ್ಲ.

ಗಡಿಯಾಚೆಯ ತುಂಡು, ಮತ್ತು ಮಾರಿನ ಲೆಕ್ಕ

ಇಷ್ಟಾದ ಮೇಲೆ ಉಳಿದ ಕಾಗದಗಳ ಮೇಲೂ ಅನುಮಾನ ಬಂತು, ಬಂದದ್ದು ಒಳ್ಳೆಯದಾಯಿತು. ಹರಪನಹಳ್ಳಿ ಕಡೆಯ 2.56ನ್ನು ಪಾಲಿನ ಕರಡಿನಲ್ಲಿ 2 ಎಕರೆ 56 ಗುಂಟೆ, ಅಂದರೆ 3 ಎಕರೆ 16 ಗುಂಟೆ ಎಂದು ಹಿಡಿದಿದ್ದರು. ಗುಂಟೆಯ ಜಾಗದಲ್ಲಿ 40 ಅಥವಾ ಅದಕ್ಕೆ ಮೇಲ್ಪಟ್ಟ ಅಂಕಿ ಕಂಡಾಗಲೇ ಅದು ಗುಂಟೆಯಲ್ಲ ಎಂದು ತಿಳಿಯಬೇಕಿತ್ತು. ಅದು ಸೆಂಟು: ಎಕರೆಗೆ 100, ಒಂದು ಸೆಂಟಿಗೆ 435.6 ಚದರಡಿ, ಎರಡೂವರೆ ಸೆಂಟಿಗೆ ಒಂದು ಗುಂಟೆ. 256 ಸೆಂಟು ಎಂದರೆ 102.4 ಗುಂಟೆ, 2 ಎಕರೆ 22 ಗುಂಟೆ ಚಿಲ್ಲರೆ. ಕರಡಿನಲ್ಲಿ 33 ಗುಂಟೆಗೂ ಹೆಚ್ಚು ಇಲ್ಲದ ಭೂಮಿ ಸೇರಿಕೊಂಡಿತ್ತು, ಅದೂ ತಮ್ಮನ ಪಾಲಿಗೆ. ನೋಂದಣಿಗೆ ಮೊದಲೇ ಸಿಕ್ಕಿದ್ದರಿಂದ ತಿದ್ದಲು ಅವಕಾಶವಿತ್ತು. ಹೇಗೆ ಸರಿದೂಗಿಸುವುದು ಎಂಬ ಮಾತು ಅಣ್ಣ ತಮ್ಮಂದಿರ ನಡುವೆ ಇನ್ನೂ ನಡೆದಿದೆ. ಆ ತುಂಡಿನ ನಕ್ಷೆಯಲ್ಲಿ ಒಂದು ಬದಿಗೆ 386 ಎಂದಿದೆ. ಅದು ಅಡಿಯಲ್ಲ, ಲಿಂಕು. ಲಿಂಕಿಗೆ 0.66 ಅಡಿಯಂತೆ 254.8 ಅಡಿ.

ಊರ ಹೊಲದೊಳಗಿನ ಪಾಲಿಗೆ ಇನ್ನೊಂದು ತೊಡಕಿತ್ತು. ತಂದೆಯ ಕಾಲದ ಪಾಲು ಪಟ್ಟಿಯೊಂದರಲ್ಲಿ ಉತ್ತರ-ಪೂರ್ವದ ಬಂಡಿದಾರಿ ಬದಿಯನ್ನು ಉತ್ತರದ ಕಲ್ಲಿನಿಂದ 45 ಮಾರು, ಉಳಿದದ್ದು 33 ಮಾರು ಎಂದು ಬರೆದಿತ್ತು. ಮಾರು ಎಂದರೆ ಎರಡೂ ಕೈ ಚಾಚಿದಷ್ಟು, ನಾಲ್ಕು ಮೊಳ. ಈಗ ಎಲ್ಲರೂ 6 ಅಡಿ ಎನ್ನುತ್ತಾರೆ. ಅಣ್ಣ ಉತ್ತರದಿಂದ 270 ಅಡಿ, ತಮ್ಮ ಪೂರ್ವದಿಂದ 198 ಅಡಿ ಅಳೆದರೆ ಒಟ್ಟು 468 ಆಗುತ್ತದೆ. ಬದಿ ಇರುವುದು 473.6. ನಡುವೆ ಐದೂವರೆ ಅಡಿಯ ಪಟ್ಟಿ ಯಾರಿಗೂ ಸೇರದೆ ಉಳಿಯುತ್ತದೆ, ಇಬ್ಬರೂ ನನ್ನದು ಎನ್ನಲು ಅಷ್ಟು ಸಾಕು.

ಮಾರಿಗೆ ಸರ್ಕಾರಿ ಉದ್ದವಿಲ್ಲ. ಅಳೆದವರ ಕೈ ಎಷ್ಟು ಉದ್ದವೋ ಅಷ್ಟು. ಆದರೆ ಒಂದೇ ದಿನ ಒಬ್ಬರೇ ಅಳೆದ 45 ಮತ್ತು 33ರ ಪ್ರಮಾಣ ನಂಬಬಹುದಾದದ್ದು. ಹಾಗಾಗಿ ಆ ಮಾರನ್ನು ಹೊಲದಿಂದಲೇ ತೆಗೆಯಬೇಕು: 473.6ನ್ನು 78ರಿಂದ ಭಾಗಿಸಿದರೆ 6.07 ಅಡಿ. ಅಣ್ಣನಿಗೆ 273.2, ತಮ್ಮನಿಗೆ 200.4. ಪಟ್ಟಿ ಉಳಿಯಲಿಲ್ಲ. ಎರಡು ತುದಿಯಲ್ಲೂ ಕಲ್ಲು ಇದ್ದದ್ದರಿಂದ ಇದು ಸಾಧ್ಯವಾಯಿತು. ಒಂದು ತುದಿ ಕಳೆದುಹೋಗಿದ್ದರೆ 6 ಅಡಿ ಎಂದು ಇಬ್ಬರೂ ಒಪ್ಪಿ ಬರೆದುಕೊಳ್ಳುವುದೊಂದೇ ದಾರಿ.

ಇಂಥ ಕೆಲಸಕ್ಕೆ ಕೂರುವವರಿಗೆ

ಸ್ಪ್ರೆಡ್‌ಶೀಟಿನಲ್ಲಿ ಚೈನಿಗೆ ಒಂದು ಕಾಲಂ, ಆಣೆಗೆ ಇನ್ನೊಂದು ಕಾಲಂ ಇಡಿ. ಮೂರನೆಯದರಲ್ಲಿ ಆಣೆಯನ್ನು 16ರಿಂದ ಭಾಗಿಸಿ ಚೈನಿಗೆ ಕೂಡಿಸಿ, ಬಂದದ್ದನ್ನು ಅಡಿಗೆ 33ರಿಂದ ಅಥವಾ ಮೀಟರಿಗೆ 10.0584ರಿಂದ ಗುಣಿಸಿ. ಆಣೆಯ ಕಾಲಂನಲ್ಲಿ 15 ಮೀರಿದ ಅಂಕಿ ಬಂದರೆ ಕೆಂಪಾಗುವಂತೆ ಮಾಡಿಕೊಂಡರೆ ಲಿಂಕಿನ ನಕ್ಷೆ ಕೈತಪ್ಪಿ ಒಳಬಂದದ್ದೂ ಗೊತ್ತಾಗುತ್ತದೆ. ಎಕರೆ-ಗುಂಟೆಗೂ ಹಾಗೇ ಎರಡು ಕಾಲಂ, ಮಿತಿ 39. ಕೈಯಲ್ಲಿ ನಕಲು ಮಾಡುವಾಗ 18-4ನ್ನು 18-04 ಎಂದು ಎರಡಂಕಿಯಲ್ಲಿ ಬರೆಯುವುದು ಒಳ್ಳೆಯದು.

ಪಹಣಿಯಲ್ಲಿ ಗುಂಟೆಯ ಮುಂದೆಯೂ ಆಣೆ ಬರುತ್ತದೆ. ಅದು ಗುಂಟೆಯ ಹದಿನಾರನೇ ಒಂದು ಭಾಗ, 68 ಚದರಡಿ. ಟಿಪ್ಪಣಿಯ ಆಣೆ ಉದ್ದದ್ದು, 2 ಅಡಿ ಮುಕ್ಕಾಲು ಇಂಚು. ಒಂದನ್ನು ಇನ್ನೊಂದರ ಜಾಗದಲ್ಲಿ ಹಾಕಬಾರದು.

ಮೀಟರಿಗೆ ತರುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಚೈನಿನಲ್ಲೇ ಗುಣಿಸಿ ಗುಂಟೆ ತೆಗೆದು ಆಕಾರಬಂದಿಗೆ ತಾಳೆ ನೋಡಿ. ಕೂಡಿದ ಮೇಲೆ ಅಡಿ ಮಾಡಿ, ಟೇಪು ಹಿಡಿಯಿರಿ. ಕೂಡದಿದ್ದರೆ ಹೊಲಕ್ಕೆ ಹೋಗಬೇಡಿ, ನೋಂದಣಿಗೆ ಮೊದಲು ಮಾಡಿಸುವ 11ಇ ನಕ್ಷೆಗೂ ಅರ್ಜಿ ಹಾಕಬೇಡಿ, ಟಿಪ್ಪಣಿಯ ನಕಲನ್ನು ಇನ್ನೊಮ್ಮೆ ತರಿಸಿ ಓದಿ. ಹಳೆಯ ಪುಟಗಳಲ್ಲಿ ಶಾಯಿ ಹರಡಿ 1 ಮತ್ತು 7 ಬೆರೆಯುತ್ತವೆ, ಕನ್ನಡ ಅಂಕಿಯ ೬ ಮತ್ತು ೯ ಒಂದೇ ಥರ ಕಾಣುತ್ತವೆ. ಅಂಥ ಅಂಕಿಯನ್ನು ಎರಡೂ ಬಗೆಯಲ್ಲಿ ಹಾಕಿ ನೋಡಿ, ಯಾವುದು ಆಕಾರಬಂದಿನ ಗುಂಟೆಗೆ ಹತ್ತಿರವೋ ಅದನ್ನು ಪಕ್ಕದ ನಂಬರಿನ ಟಿಪ್ಪಣಿಯಲ್ಲಿರುವ ಅದೇ ಬದುವಿನ ಅಳತೆಯೊಂದಿಗೆ ಹೋಲಿಸಿ ಖಚಿತ ಮಾಡಿಕೊಳ್ಳಬಹುದು.